ಟೀಚರ್ ಟೈಪ್ ಹೊಡೆದ ಪ್ಯಾಕೇಜು

ಜನರನ್ನು ಕಾಯಿಸುವುದರಲ್ಲಿ ಒಂದು ಸುಖವಿದೆ. ಇಂದಿರಾನಗರದ ಒಂದು ಮನೆಯ ಮೊದಲ ಮಹಡಿಯಲ್ಲಿದ್ದ ಆಫೀಸಿನಲ್ಲಿ, ನನ್ನ ಇಪ್ಪತ್ಮೂರನೇ ವಯಸ್ಸಿನಲ್ಲಿ, ಆ ಸುಖವನ್ನು ನಾನು ಹೊಟ್ಟೆ ತುಂಬ ಉಂಡಿದ್ದೇನೆ. ಒಂದು ಫ್ಲಾಪಿ ಜೇಬಿನಲ್ಲಿತ್ತು, ಅಷ್ಟಕ್ಕೇ ಆ ದೊಡ್ಡಸ್ತಿಕೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹಾಡಹಗಲೇ ಹಿಡಿದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ವಿದೇಶದ ಪ್ರಕಾಶಕರ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಟೈಪ್ ಮಾಡಿಕೊಡುವುದು ನಮ್ಮ ಕೆಲಸ. ಬರೀ ಟೈಪ್ ಮಾಡಿದರೆ ಮುಗಿಯುತ್ತಿರಲಿಲ್ಲ. ಇದು ಅಧ್ಯಾಯದ ಹೆಸರು, ಇದು ಪ್ಯಾರಾ, ಇದು ಅಡಿಟಿಪ್ಪಣಿ ಎಂದು ಪ್ರತಿಯೊಂದಕ್ಕೂ ಹಿಂದೊಂದು ಮುಂದೊಂದು ಗುರುತು ಹಾಕಬೇಕಿತ್ತು. ಆ ಗುರುತಿಗೆ ಟ್ಯಾಗ್ ಎನ್ನುತ್ತಿದ್ದೆವು. ಒಂದು ಬ್ರಾಕೆಟ್ಟು, ಅದರೊಳಗೆ ಒಂದು ಹೆಸರು, ಮತ್ತೆ ಬ್ರಾಕೆಟ್ಟು. ಪ್ಯಾರಾ ಮುಗಿದ ಮೇಲೆ ಇನ್ನೊಮ್ಮೆ ಅದೇ ಕಥೆ. ಪುಸ್ತಕಕ್ಕಿಂತ ಟ್ಯಾಗಿಗೇ ಬೆರಳು ಹೆಚ್ಚು ಸವೆಯುತ್ತಿತ್ತು.

ಇದನ್ನೆಲ್ಲ ನಾವು ಟೈಪ್ ಮಾಡುತ್ತಿದ್ದದ್ದು ಪುಕ್ಕಟೆ ಸಿಗುತ್ತಿದ್ದ ಎಡಿಟರ್ ಎಂಬ ಒಂದು ಸಾಫ್ಟ್‌ವೇರಿನಲ್ಲಿ. ನೋಡಲು ಬೋಳು ಗೋಡೆಯ ಹಾಗಿತ್ತು. ಆದರೆ ಅದಕ್ಕೆ ಏನು ಬೇಕಾದರೂ ಕಲಿಸಬಹುದಿತ್ತು. ಯಾವ್ಯಾವುದೋ ದೇಶದ ಪುಣ್ಯಾತ್ಮರು ಅದಕ್ಕೆ ಹೊಸ ವಿದ್ಯೆ ಕಲಿಸುವ ಪ್ಯಾಕೇಜು ಎಂಬ ಪುಟ್ಟ ಪ್ರೋಗ್ರಾಮುಗಳನ್ನು ಬರೆದು, ಇಂಟರ್ನೆಟ್ಟಿನಲ್ಲಿ ಆರ್ಕೈವ್ ಎಂಬ ಉಗ್ರಾಣಗಳಲ್ಲಿ ಇಟ್ಟಿರುತ್ತಿದ್ದರು. ಬೇಕಾದವರು ಇಳಿಸಿಕೊಂಡು ಒಂದು ಫೋಲ್ಡರಿಗೆ ಹಾಕಿ, ಎಡಿಟರ್ ಶುರುವಾಗುವಾಗ ಓದುವ ಫೈಲಿನಲ್ಲಿ 'ಇದನ್ನೂ ಎತ್ತಿಕೋ' ಎಂದು ಒಂದು ಸಾಲು ಬರೆದರೆ ಇನ್‌ಸ್ಟಾಲ್ ಮುಗಿಯಿತು. ಅಂಥ ಉಗ್ರಾಣದಲ್ಲಿ ನನಗೆ ಟ್ಯಾಗಿನ ಪ್ಯಾಕೇಜು ಸಿಕ್ಕಿತ್ತು. ಎರಡು ಕೀ ಒತ್ತಿದರೆ ಸಾಕು, ಟ್ಯಾಗಿನ ಹಿಂದುಮುಂದು ಎರಡೂ ತಾವೇ ಬಂದು ಕೂರುತ್ತಿದ್ದವು. ಕೆಲಸ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು.

ಆಫೀಸಿನಲ್ಲಿ ಇಂಟರ್ನೆಟ್ ಇದ್ದದ್ದು ಮ್ಯಾನೇಜರ್ ಕೋಣೆಯಲ್ಲಿ ಮಾತ್ರ. ನಾನು ಬೆಳಿಗ್ಗೆ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಸೈಬರ್ ಕೆಫೆಯಲ್ಲಿ ಕೂತು ಪ್ಯಾಕೇಜ್ ಇಳಿಸಿಕೊಂಡು ಫ್ಲಾಪಿಯಲ್ಲಿ ತರುತ್ತಿದ್ದೆ. ಹಿಂದೊಮ್ಮೆ ಯಾರದೋ ಫ್ಲಾಪಿಯಿಂದ ವೈರಸ್ ನುಗ್ಗಿ ಒಂದು ವಾರದ ಕೆಲಸ ನುಂಗಿದ ಮೇಲೆ ಫ್ಲಾಪಿ ಮುಟ್ಟುವ ಅಧಿಕಾರವನ್ನು ನನ್ನೊಬ್ಬನಿಗೇ ಕೊಟ್ಟಿದ್ದರು. ಕಳಚಿಕೊಂಡಿದ್ದ ಕೀಬೋರ್ಡಿನ ವೈರನ್ನು ಒಂದು ಸಲ ಸಿಕ್ಕಿಸಿ ಕೊಟ್ಟಿದ್ದೇ ನನ್ನ ಅರ್ಹತೆ. ಅಂದಿನಿಂದ ಪ್ಯಾಕೇಜ್ ಬೇಕೆಂದವರು ನನಗೆ ಬೇಕರಿಯಿಂದ ಎಗ್ ಪಫ್ ತಂದುಕೊಡುವುದು ಪದ್ಧತಿಯಾಯಿತು. ಪಫ್ ತಿಂದು, ಕೈ ಒರೆಸಿಕೊಂಡು, ನಾಳೆ ನೋಡೋಣ ಎನ್ನುತ್ತಿದ್ದೆ. ಎರಡು ನಿಮಿಷದ ಕೆಲಸಕ್ಕೆ ಎರಡು ದಿನ ಕಾಯಿಸದೆ ನಾನು ಯಾರಿಗೂ ಮಾಡಿಕೊಟ್ಟವನಲ್ಲ.

ನನಗೇನೂ ಆ ಸಂಬಳ ಬೇಕಿರಲಿಲ್ಲ. ನಮ್ಮದು ತಿಪ್ಪಸಂದ್ರದ ಹಳೇ ಕುಟುಂಬ. ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಅಪ್ಪ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಅಣ್ಣ ಅದನ್ನೆಲ್ಲ ನೋಡಿಕೊಳ್ಳುತ್ತಿದ್ದ. ನನ್ನ ವಿಷಯಕ್ಕೆ ಬಂದರೆ ಅಪ್ಪನಿಗೆ ಒಂದೇ ಮಾತು: ಇವನು ಯಾವುದಕ್ಕೂ ಆಗುವವನಲ್ಲ. ಕಂಪ್ಯೂಟರ್ ಕೆಲಸ ಎಂದು ಹೇಳಿಕೊಳ್ಳಲು ಒಂದು ಕುರ್ಚಿ ಸಿಕ್ಕಿತ್ತಲ್ಲ, ಅದು ಹೋದರೆ ಅಣ್ಣನ ಹಿಂದೆ ನಲ್ಲಿ ರಿಪೇರಿ ಮಾಡಿಸುತ್ತ ಓಡಾಡಬೇಕಿತ್ತು. ಆ ಅವಮಾನದ ಹೆದರಿಕೆ ನನಗೆ ಹಸಿವಿಗಿಂತ ದೊಡ್ಡದಾಗಿತ್ತು. ಹಸಿವು ಎಂದರೆ ಏನೆಂದು ಗೊತ್ತಿಲ್ಲದವನು ಹೀಗೆ ಹೇಳುವುದು ಸುಲಭ.

ಹಸಿವು ಗೊತ್ತಿದ್ದವರು ನನ್ನ ಎದುರಿನ ಸಾಲಿನಲ್ಲೇ ಕೂತಿದ್ದರು. ಅವರನ್ನು ನಾವೆಲ್ಲ ಟೀಚರ್ ಎನ್ನುತ್ತಿದ್ದೆವು. ವಯಸ್ಸು ಐವತ್ತು ದಾಟಿತ್ತು. ಹಲಸೂರು ಮಾರ್ಕೆಟ್ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಪಾಠ ಹೇಳಿದವರು. ಟೈಪ್‌ರೈಟರ್ ಕಲಿಯುವವರು ಇಲ್ಲದೆ ಇನ್‌ಸ್ಟಿಟ್ಯೂಟ್ ಮುಚ್ಚಿತು. ಮಿಷನ್ನುಗಳು ತೂಕದ ಲೆಕ್ಕದಲ್ಲಿ ಶಿವಾಜಿನಗರದ ಗುಜರಿಗೆ ಹೋದವು. ಟೀಚರ್ ನಮ್ಮ ಆಫೀಸಿಗೆ ಬಂದರು. ಮರ್ಫಿ ಟೌನಿನಲ್ಲಿ ಅವರ ಮನೆ. ಗಂಡನಿಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ಮನೆ ನಡೆಯುತ್ತಿದ್ದದ್ದು, ಗಂಡನ ಮಾತ್ರೆ ಬರುತ್ತಿದ್ದದ್ದು ಈ ಕೆಲಸದಿಂದಲೇ. ಈ ಕೆಲಸ ಹೋದರೆ ಆ ವಯಸ್ಸಿನ ಹೆಂಗಸಿಗೆ ಇನ್ನೊಂದು ಕಡೆ ಕುರ್ಚಿ ಕೊಡುವವರಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಆ ಇನ್‌ಸ್ಟಿಟ್ಯೂಟಿನಲ್ಲಿ ನಾನೂ ಕಲಿತಿದ್ದೆ. ಕಲಿತಿದ್ದೆ ಎನ್ನುವುದು ಸುಳ್ಳು, ಹೋಗಿದ್ದೆ. ಕೀ ನೋಡಿಕೊಂಡು ಹೊಡೆಯುತ್ತೇನೆಂದು ಟೀಚರ್ ನನ್ನ ಎರಡೂ ಕೈಗಳ ಮೇಲೆ ಟವೆಲ್ ಹೊದಿಸುತ್ತಿದ್ದರು. ಒಂದು ದಿನ ಕ್ಲಾಸಿನ ಹುಡುಗಿಯರ ಮುಂದೆ ನನ್ನ ಬೆರಳು ಹಿಡಿದೆತ್ತಿ, ಇದು ನೇಗಿಲು ಹಿಡಿಯೋ ಕೈ, ಕೀ ಮುರಿಯುತ್ತೆ ಅಷ್ಟೇ ಎಂದಿದ್ದರು. ಹುಡುಗಿಯರು ನಕ್ಕರು. ನಾನು ಜೂನಿಯರ್ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಟೀಚರ್ ಆ ಮಾತನ್ನು ಅವತ್ತೇ ಮರೆತಿರಬೇಕು. ಹೇಳಿದವರು ಮರೆಯುತ್ತಾರೆ, ಕೇಳಿಸಿಕೊಂಡವನು ಮರೆಯುವುದಿಲ್ಲ. ಈಗ ಅವರು ನನ್ನನ್ನು ಸರ್ ಎನ್ನುತ್ತಿದ್ದರು. ಆಫೀಸಿಗೆ ನಾನು ಮೊದಲು ಸೇರಿದವನಾದ್ದರಿಂದ ಸರ್ ಎನ್ನಬೇಕೆಂದು ಅವರೇ ತೀರ್ಮಾನಿಸಿದ್ದರು. ನಾನು ಬೇಡ ಎನ್ನಲಿಲ್ಲ.

ಒಂದು ತಿಂಗಳ ಮೊದಲ ದಿನ ಟೀಮ್ ಲೀಡರ್ ನಮ್ಮನ್ನೆಲ್ಲ ನಿಲ್ಲಿಸಿಕೊಂಡು, ಕೆಲಸ ಕಡಿಮೆ ಬರುತ್ತಿದೆ, ಈ ತಿಂಗಳ ಕೊನೆಗೆ ಪುಟ ಎಣಿಸಿ ತಳದಲ್ಲಿರುವ ಒಬ್ಬರನ್ನು ಕಳಿಸಬೇಕಾಗುತ್ತದೆ ಎಂದ. ನಾವು ಹನ್ನೆರಡು ಜನ. ಎಲ್ಲರೂ ಟೀಚರ್ ಕಡೆ ನೋಡಿದರು, ಏಕೆಂದರೆ ಅವರೊಬ್ಬರ ಮಿಷನ್ನಿನಲ್ಲಿ ಮಾತ್ರ ಪ್ಯಾಕೇಜು ಇರಲಿಲ್ಲ. ಆದರೆ ಹಿಂದಿನ ತಿಂಗಳ ಲೆಕ್ಕದಲ್ಲಿ ತಳದಲ್ಲಿದ್ದವರು ಟೀಚರ್ ಅಲ್ಲ. ಪ್ರತಿಯೊಂದು ಟ್ಯಾಗನ್ನೂ ಕೈಯಲ್ಲೇ ಹೊಡೆದುಕೊಂಡೂ ಅವರು ನಡುವೆ ಎಲ್ಲೋ ಇದ್ದರು, ಅವರ ಬೆರಳು ಹಾಗಿತ್ತು. ತಳದಲ್ಲಿದ್ದವನು ನಾನು. ಎಲ್ಲರ ಮಿಷನ್ನಿಗೂ ಪ್ಯಾಕೇಜ್ ಹಾಕಿಕೊಡುತ್ತ, ಪಫ್ ತಿನ್ನುತ್ತ, ಹೊಸ ಪ್ಯಾಕೇಜುಗಳ ಪುರಾಣ ಹೇಳುತ್ತ ನಾನು ಟೈಪ್ ಮಾಡುತ್ತಿದ್ದದ್ದೇ ಕಡಿಮೆ. ಪುಟದ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಡುವವನೂ ನಾನೇ ಆದ್ದರಿಂದ ಅದು ನನಗೂ ಟೀಮ್ ಲೀಡರಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮಾರನೇ ದಿನ ಟೀಚರ್ ನನ್ನ ಟೇಬಲ್ಲಿಗೆ ಬಂದರು. ಕೈಯಲ್ಲಿ ಹೊಸ ಫ್ಲಾಪಿ, ಇನ್ನೂ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ.

"ಸರ್, ಅದೇನೋ ಪ್ಯಾಕೇಜ್ ಅಂತಾರಲ್ಲ, ನನ್ ಮಿಷನ್‌ಗೂ ಒಂದು ಹಾಕ್ಕೊಡ್ತೀರಾ?"

ವೈರಸ್ಸಿನ ನೆಪ ಹೇಳಿ, ಫ್ಲಾಪಿ ಮುಟ್ಟುವ ಹಾಗಿಲ್ಲ ಎಂದೆ. ಹಾಗಾದರೆ ಬೇರೆ ದಾರಿ ಏನಿದೆ ಎಂದು ಕೇಳಿದರು. ಆಗ ನನಗೆ ಆ ಕಿಡಿಗೇಡಿ ಯೋಚನೆ ಬಂತು. ಪ್ಯಾಕೇಜಿನ ಫೈಲನ್ನು ತೆರೆದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕಳಿಸಿದೆ. ಒಂಬೈನೂರು ಚಿಲ್ಲರೆ ಸಾಲು. ಪ್ರಿಂಟರ್ ಕಿರುಚಿ ಕಿರುಚಿ ಹದಿನಾರು ಹಾಳೆ ಉಗುಳಿತು. ಅದನ್ನು ಮಡಿಸಿ ಟೀಚರ್ ಕೈಗಿಟ್ಟೆ.

"ಇದೇ ಟೀಚರ್ ಪ್ಯಾಕೇಜು. ಹಂಗಂಗೇ ಹೊಡ್ಕೊಳ್ಳಿ. ಒಂದು ಬ್ರಾಕೆಟ್ ತಪ್ಪಿದ್ರೂ ಓಡಲ್ಲ."

ಅವರು ನಗುತ್ತಾರೆ, ಇಲ್ಲವೇ ಸಿಟ್ಟು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಹಾಳೆಗಳನ್ನು ಬಿಚ್ಚಿ ಮೊದಲ ಪುಟ ಓದಿದರು, ಕೊನೆಯ ಪುಟ ಓದಿದರು. ನಾವೆಲ್ಲ ಹಿಂಗೇ ಮಾಡಿದ್ದು ಟೀಚರ್ ಎಂದು ಹಿಂದಿನಿಂದ ಯಾರೋ ಒಗ್ಗರಣೆ ಹಾಕಿದರು. ಟೀಚರ್ ಅದನ್ನು ನಂಬಿದರು. ಯಾಕೆ ನಂಬಬಾರದು? ಜೀವಮಾನವೆಲ್ಲ ಅವರು ಕಂಡದ್ದೇ ಅದು. ಕೋರ್ಟಿನ ಅಫಿಡವಿಟ್ಟಿರಲಿ, ಮನೆ ಕರಾರಿರಲಿ, ಇನ್ನೊಂದು ಪ್ರತಿ ಬೇಕೆಂದರೆ ಮತ್ತೆ ಕೂತು ಹೊಡೆಯಬೇಕು. ಕಾಗದದ ಮೇಲಿನ ಅಕ್ಷರ ಯಾರೋ ಒಬ್ಬರು ಬೆರಳಿನಿಂದ ಹೊಡೆದದ್ದೇ ಆಗಿರಬೇಕು. ಪ್ಯಾಕೇಜು ಕೂಡ ಹಾಗೇ ಇರುತ್ತದೆ ಎಂದು ಅವರಿಗೆ ಅನಿಸಿದ್ದರಲ್ಲಿ ದಡ್ಡತನವೇನೂ ಇರಲಿಲ್ಲ. ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಇಷ್ಟು ಚಿಕ್ಕ ವಯಸ್ಸಿಗೆ ಎಷ್ಟು ತಾಳ್ಮೆ ನಿಮಗೆ ಎಂದರು. ಅವರು ಕುರ್ಚಿಗೆ ಹೋಗಿ ಕೂತ ಮೇಲೆ ನಾವು ಕರ್ಚೀಫು ಬಾಯಿಗೆ ಒತ್ತಿಕೊಂಡು ನಕ್ಕೆವು.

ಮರುದಿನದಿಂದ ಟೀಚರ್ ಊಟದ ಬಿಡುವಿನಲ್ಲಿ ಏಳುವುದನ್ನು ಬಿಟ್ಟರು. ಹಾಳೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸಾಲಿನ ಕೆಳಗೆ ಮರದ ಸ್ಕೇಲು ಇಟ್ಟು, ಒಂದೊಂದೇ ಸಾಲು ಹೊಡೆಯುತ್ತ ಸ್ಕೇಲು ಕೆಳಗಿಳಿಸುತ್ತಿದ್ದರು. ಇಂಗ್ಲಿಷ್ ಗದ್ಯವಾದರೆ ಅವರ ಬೆರಳು ತಾನೇ ಓಡುತ್ತಿತ್ತು. ಇದು ಹಾಗಲ್ಲ. ತಲೆಬುಡ ಗೊತ್ತಾಗದ ಪದಗಳು, ಒಂದರ ಬೆನ್ನಿಗೆ ಒಂದು ಬ್ರಾಕೆಟ್ಟು. ಕೆಲವು ಕಡೆ ಆರು ಏಳು ಬ್ರಾಕೆಟ್ಟು ಒಟ್ಟಿಗೆ ಮುಚ್ಚಬೇಕು. ಒಂದು ಪುಟ ಮುಗಿದರೆ ಅದನ್ನು ಕೆಳಗಿನಿಂದ ಮೇಲಕ್ಕೆ ಓದಿ ತಾಳೆ ನೋಡುತ್ತಿದ್ದರು. ಅರ್ಥದ ಗುಂಗಿನಲ್ಲಿ ಕಣ್ಣು ಮೋಸ ಹೋಗಬಾರದೆಂದು ಇನ್‌ಸ್ಟಿಟ್ಯೂಟಿನಲ್ಲಿ ಅವರು ಹೇಳಿಕೊಡುತ್ತಿದ್ದ ಉಪಾಯ ಅದು. ಸಂಜೆ ಐದೂವರೆಗೆ ನಾವೆಲ್ಲ ಹೊರಟ ಮೇಲೂ ವಾಚ್‌ಮನ್ ಬಂದು ಬಾಗಿಲು ಹಾಕುವವರೆಗೆ ಕೂರುತ್ತಿದ್ದರು. ಮನೆಯಲ್ಲಿ ಗಂಡನ ಹತ್ತಿರ ಪಕ್ಕದ ಮನೆಯವರು ಅಷ್ಟು ಹೊತ್ತು ಕೂತಿರುತ್ತಾರಂತೆ, ಹಾಗಂತ ಯಾರಿಗೋ ಹೇಳಿದ್ದರು.

ನಾವು ಪಂದ್ಯ ಕಟ್ಟಿದೆವು. ಪ್ಯಾಕೇಜು ಓಡುವುದಿಲ್ಲ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಎಷ್ಟು ತಪ್ಪು ಸಿಗುತ್ತವೆ ಎಂಬುದರ ಮೇಲೆ ಎಗ್ ಪಫ್ಫಿನ ಪಂದ್ಯ. ಒಬ್ಬರು ಮೂವತ್ತು ಎಂದರು, ನಾನು ನೂರು ಎಂದೆ. ನಮ್ಮಲ್ಲಿ ಫ್ರೇಜರ್ ಟೌನಿನಿಂದ ಬರುತ್ತಿದ್ದ ಒಬ್ಬಳು ಹುಡುಗಿ ಇದ್ದಳು. ಪಂದ್ಯಕ್ಕೆ ಅವಳು ಸೇರಲಿಲ್ಲ. ಟೀಚರ್ ತಾವು ತಂದ ಚಿತ್ರಾನ್ನವನ್ನು ತಿನ್ನದೆ ಹಾಗೇ ವಾಪಸು ಒಯ್ಯುವುದನ್ನು ಎರಡು ದಿನ ನೋಡಿ ನನ್ನ ಹತ್ತಿರ ಬಂದಳು.

"ಪಾಪ ಕಣೋ. ಹೇಳ್ಬಿಡೋಣ."

"ಹೇಳು. ನಿನ್ ಮಿಷನ್‌ನಲ್ಲಿರೋ ಪ್ಯಾಕೇಜೂ ತೆಗ್ದುಬಿಡ್ತೀನಿ."

ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿ ತನ್ನ ಜಾಗಕ್ಕೆ ಹೋದಳು. ಅವಳ ಮನೆಯಲ್ಲೂ ಆ ಸಂಬಳ ಬೇಕಿತ್ತು. ನನಗೆ ಆಗ ಆದದ್ದು ಸಂತೋಷ. ಬೇರೇನೋ ಆಯಿತು ಎಂದು ಈಗ ಬರೆದರೆ ನನ್ನ ಕಿವಿಗೆ ನಾನೇ ಹೂವಿಟ್ಟುಕೊಂಡ ಹಾಗೆ.

ಒಂದು ವಾರವಾಗುವಷ್ಟರಲ್ಲಿ ಟೀಚರ್ ಬಿಡುವಿನ ಹೊತ್ತು ಸಾಲದೆ ಕೆಲಸದ ಹೊತ್ತಿನಲ್ಲೂ ಪ್ಯಾಕೇಜು ಹೊಡೆಯಲು ಶುರುಮಾಡಿದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಈ ವಾರ ಪುಟ ಕಡಿಮೆಯಾದರೆ ಆಗಲಿ, ಪ್ಯಾಕೇಜು ಬಂದ ಮೇಲೆ ಉಳಿದ ಎರಡು ವಾರದಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತೇನೆ ಎಂದು ಫ್ರೇಜರ್ ಟೌನಿನ ಹುಡುಗಿಗೆ ಹೇಳಿದ್ದರಂತೆ. ಹಾಕುತ್ತಿದ್ದರು ಕೂಡ. ಆ ಬೆರಳಿಗೆ ಈ ಪ್ಯಾಕೇಜು ಸೇರಿದರೆ ನಮ್ಮಲ್ಲಿ ಒಬ್ಬರೂ ಅವರ ಹತ್ತಿರ ಸುಳಿಯುತ್ತಿರಲಿಲ್ಲ.

ಎರಡನೇ ವಾರದ ಸೋಮವಾರ ಟೀಮ್ ಲೀಡರ್ ನನ್ನನ್ನು ಕರೆದು, ತಿಂಗಳ ಕೊನೆಯವರೆಗೆ ಕಾಯಲು ಮೇಲಿನವರು ಒಪ್ಪುತ್ತಿಲ್ಲ, ಈ ಶುಕ್ರವಾರ ಮಧ್ಯಾಹ್ನಕ್ಕೇ ಪುಟ ಎಣಿಸಿ ಪಟ್ಟಿ ಕೊಡಬೇಕು, ಎಲ್ಲರಿಗೂ ಹೇಳಿಬಿಡು ಎಂದ. ನಾನು ಒಬ್ಬೊಬ್ಬರ ಟೇಬಲ್ಲಿಗೂ ಹೋಗಿ ತಗ್ಗಿದ ದನಿಯಲ್ಲಿ ಹೇಳಿದೆ. ಹತ್ತು ಜನಕ್ಕೆ ಹೇಳಿದೆ. ಟೀಚರ್ ಹಿಂದೆ ಹೋಗಿ ನಿಂತೆ. ಅವರು ಹನ್ನೊಂದನೇ ಹಾಳೆಯಲ್ಲಿದ್ದರು. ಸ್ಕೇಲು ಕೆಳಗಿಳಿಸಿ, ನನ್ನತ್ತ ತಿರುಗಿ, ಏನು ಸರ್ ಎಂದರು. ಏನಿಲ್ಲ, ಎಲ್ಲಿಗೆ ಬಂತು ಅಂತ ನೋಡೋಕೆ ಬಂದೆ ಎಂದೆ. ಬಂದುಬಿಟ್ಟಿತು, ಇನ್ನು ಐದೇ ಹಾಳೆ ಎಂದು ಹುರುಪಿನಿಂದ ಹೇಳಿದರು. ಆ ವಾರವೆಲ್ಲ ನಾನು ತಲೆ ಎತ್ತದೆ ಟೈಪ್ ಮಾಡಿದೆ. ಜೀವನದಲ್ಲಿ ಅಷ್ಟು ನಿಷ್ಠೆಯಿಂದ ಕೆಲಸ ಮಾಡಿದ್ದು ಅದೊಂದೇ ವಾರ.

ಗುರುವಾರ ಮಧ್ಯಾಹ್ನ ಟೀಚರ್ ನನ್ನನ್ನು ಕರೆದು, ಮುಗಿಯಿತು, ಆ ಕೊನೆಯ ಸಾಲು ಹಾಕಿಕೊಡಿ ಎಂದರು. ಉಳಿದ ಹತ್ತು ಜನವೂ ಕುರ್ಚಿ ತಿರುಗಿಸಿದರು. ನಾನು ಅವರ ಕುರ್ಚಿಯಲ್ಲಿ ಕೂತು, ಪ್ಯಾಕೇಜನ್ನು ಎತ್ತಿಕೊಳ್ಳುವ ಸಾಲು ಬರೆದು, ಎಡಿಟರನ್ನು ಮುಚ್ಚಿ ಮತ್ತೆ ತೆರೆದೆ. ಎಲ್ಲಾದರೂ ತಪ್ಪಿದ್ದರೆ ಕೆಳಗಡೆ ಒಂದು ದೂರಿನ ಸಾಲು ಬರುತ್ತದೆ. ಬರಲಿಲ್ಲ. ಇನ್ನೊಮ್ಮೆ ಮುಚ್ಚಿ ತೆರೆದೆ. ಆಗಲೂ ಬರಲಿಲ್ಲ. ಟೀಚರ್ ನನ್ನ ಭುಜದ ಮೇಲಿಂದ ಕೈಚಾಚಿ ಎರಡು ಕೀ ಒತ್ತಿದರು. ಟ್ಯಾಗಿನ ಹಿಂದುಮುಂದು ಎರಡೂ ಬಂದು ಕೂತವು. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು, ಮತ್ತೊಂದು ಹಾಕಿದರು, ಮತ್ತೊಂದು ಹಾಕಿದರು.

ಒಂಬೈನೂರು ಸಾಲಿನಲ್ಲಿ ಒಂದೂ ತಪ್ಪಿರಲಿಲ್ಲ. ಅಂಥದ್ದೊಂದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ನನಗೆ ಬಂದದ್ದು ಮೆಚ್ಚುಗೆಯಲ್ಲ, ಸಿಟ್ಟು. ನನ್ನ ತಮಾಷೆಯನ್ನು ಈ ಹೆಂಗಸು ಕೆಡಿಸಿಬಿಟ್ಟಳಲ್ಲ ಎಂಬ ಸಿಟ್ಟು. ಪಂದ್ಯದ ಪಫ್ಫಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಶುಕ್ರವಾರ ಮಧ್ಯಾಹ್ನ ಪಟ್ಟಿಯನ್ನು ನಾನೇ ಪ್ರಿಂಟ್ ತೆಗೆದೆ. ತಳದಲ್ಲಿ ಟೀಚರ್, ಅವರ ಮೇಲೆ ನಾನು. ನಡುವೆ ನಾಲ್ಕು ಪುಟದ ಅಂತರ. ಟೀಮ್ ಲೀಡರ್ ಅವರನ್ನು ಒಳಗೆ ಕರೆದ. ಹತ್ತು ನಿಮಿಷದ ನಂತರ ಈಚೆ ಬಂದರು. ಇವತ್ತೇ ಕೊನೆಯ ದಿನವಂತೆ, ಪಟ್ಟಿ ಇವತ್ತು ಎಂದು ತಮಗೆ ಗೊತ್ತೇ ಇರಲಿಲ್ಲ ಎಂದು ಪಕ್ಕದವರಿಗೆ ಹೇಳಿದರು.  ತಮ್ಮ ಬಳಿ ಉಳಿದಿದ್ದ ಒಂದು ಅಧ್ಯಾಯವನ್ನು ಮುಗಿಸಿ ಹೋಗುತ್ತೇನೆಂದು ಕೂತರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ನನ್ನ ಟೇಬಲ್ಲಿಗೆ ಬಂದರು. ಜಗಳಕ್ಕೆ ಬಂದರೆಂದುಕೊಂಡೆ. ಜಗಳ ಅವರ ಮನಸ್ಸಿನಲ್ಲೇ ಇರಲಿಲ್ಲ. ಥ್ಯಾಂಕ್ಸ್ ಹೇಳಲು ಬಂದಿದ್ದರು. ಈ ವಯಸ್ಸಿನಲ್ಲಿ ಹೊಸದೊಂದು ಕಲಿಸಿದಿರಿ, ಬೇರೆ ಕಡೆ ಕೇಳುವಾಗ ಹೇಳಿಕೊಳ್ಳಲು ಒಂದು ವಿದ್ಯೆ ಆಯಿತು ಎಂದರು. ಆಮೇಲೆ ಕೇಳಿದರು.

"ನಾನು ನಿಧಾನ ಮಾಡ್ಬಿಟ್ಟೆ ಸರ್. ನಿಮಗೆ ಇದನ್ನ ಹೊಡೆಯೋಕೆ ಎಷ್ಟು ದಿನ ಹಿಡೀತು?"

ನಾನು ಏನಾದರೂ ಹೇಳಬಹುದಿತ್ತು. ನಾಲ್ಕು ದಿನ ಎನ್ನಬಹುದಿತ್ತು, ಹತ್ತು ದಿನ ಎನ್ನಬಹುದಿತ್ತು. ಅವರು ನಂಬಿ, ತಲೆಯಾಡಿಸಿ, ಸಮಾಧಾನದಿಂದ ಹೋಗುತ್ತಿದ್ದರು. ಆದರೆ ಆ ಗೌರವದ ಮುಖವನ್ನು ಇನ್ನೊಂದು ಗಳಿಗೆ ನೋಡುವುದು ನನ್ನ ಕೈಲಾಗಲಿಲ್ಲ.

"ಎರಡು ನಿಮಿಷ."

ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಫ್ಲಾಪಿಯಿಂದ ಕಾಪಿ ಮಾಡಿದರೆ ಆಯಿತು, ಟೈಪ್ ಮಾಡುವ ಅಗತ್ಯವೇ ಇಲ್ಲ, ಎಲ್ಲರ ಮಿಷನ್ನಿಗೂ ಹಾಗೆಯೇ ಹಾಕಿದ್ದು ಎಂದೆ. ನಿಜ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡಿದ್ದೆ. ಅದು ನಿಜ ಹೇಳುವುದಲ್ಲ. ಬಿದ್ದವರನ್ನು ಇನ್ನೊಮ್ಮೆ ತುಳಿಯುವುದು.

"ಇವ್ರೆಲ್ಲರಿಗೂ ಗೊತ್ತಿತ್ತಾ?"

ಹೂಂ ಎಂದೆ. ಟೀಚರ್ ತಿರುಗಿ ಒಬ್ಬೊಬ್ಬರನ್ನೇ ನೋಡಿದರು. ಎಲ್ಲರೂ ತಮ್ಮ ತಮ್ಮ ಸ್ಕ್ರೀನಿಗೆ ಮುಖ ಹುದುಗಿಸಿಕೊಂಡಿದ್ದರು. ಫ್ರೇಜರ್ ಟೌನಿನ ಹುಡುಗಿ ಮಾತ್ರ ತಲೆ ಎತ್ತಿದ್ದಳು; ಅವಳ ಕಣ್ಣಲ್ಲಿ ನೀರಿತ್ತು. ಟೀಚರ್ ಅವಳನ್ನೂ ನೋಡಿ, ಕೊನೆಗೆ ನನ್ನ ಕಡೆ ತಿರುಗಿ, ಇದನ್ನು ತೆಗೆಯುವುದು ಹೇಗೆ ಎಂದು ಕೇಳಿದರು. ನಾನು ನಿನ್ನೆ ಬರೆದ ಆ ಒಂದು ಸಾಲು ಅಳಿಸಿದರೆ ಸಾಕು ಎಂದೆ.

ಅವರು ಹೋಗಿ ಕೂತು ಆ ಸಾಲನ್ನು ಅಳಿಸಿದರು. ಆಗ ಮೂರೂವರೆ. ಐದೂವರೆಯವರೆಗೆ ಒಂದೊಂದು ಬ್ರಾಕೆಟ್ಟು, ಒಂದೊಂದು ಟ್ಯಾಗು, ಎಲ್ಲವನ್ನೂ ಕೈಯಲ್ಲೇ ಹೊಡೆದರು. ನಮ್ಮಲ್ಲಿ ಯಾರಿಗೂ ಕೆಲಸ ಮಾಡಲಾಗಲಿಲ್ಲ. ಇಡೀ ಮಹಡಿಯಲ್ಲಿ ಅವರೊಬ್ಬರ ಕೀಬೋರ್ಡಿನ ಸದ್ದು ಮಾತ್ರ ಕೇಳುತ್ತಿತ್ತು. ಅಧ್ಯಾಯ ಮುಗಿಸಿ, ಕೀಬೋರ್ಡಿಗೆ ಕವರ್ ಹಾಕಿ, ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಆಮೇಲೆ ಅವರನ್ನು ನಾನು ನೋಡಲಿಲ್ಲ. ಮರ್ಫಿ ಟೌನ್ ನಮ್ಮ ಮನೆಯಿಂದ ದೂರವೇನಲ್ಲ, ನಾನು ಹೋಗಲಿಲ್ಲ.

ಅವರು ಕೊನೆಗೆ ಹೊಡೆದ ಆ ಅಧ್ಯಾಯದ ಹನ್ನೊಂದು ಪುಟಗಳನ್ನು ಸೋಮವಾರ ತಿದ್ದುವುದಕ್ಕೆ ನನಗೇ ಕೊಟ್ಟರು. ಒಂದು ತಪ್ಪಾದರೂ ಸಿಗಲಿ ಎಂದು ಸಂಜೆಯವರೆಗೂ ಹುಡುಕಿದೆ. ಸಿಗಲಿಲ್ಲ.